ಪದ್ಮಿನಿಯ ಒಳಗಿನ ಸಣ್ಣ ಸಾಮಾನು: 1974ರ ಒಂದು ಕಾರಿನ ಪ್ರಕರಣ

ಒಳಸಾಮಾನು ಸರಿಮಾಡಲು ನನ್ನ ಬಳಿ ಬಂದ ಕಾರು 1974ರ ಪ್ರೀಮಿಯರ್ ಪದ್ಮಿನಿ, ಹಾಸನ ಕಡೆಯದು. ಎಂಜಿನ್ ಬಿಚ್ಚಿ ಕಟ್ಟಿಸಿದ್ದರು. ಟಿಂಕರಿಂಗ್, ಪೇಂಟಿಂಗ್ ಎಲ್ಲ ಮುಗಿದಿತ್ತು. ಹೊರಗಿನಿಂದ ನೋಡಿದರೆ ದೃಷ್ಟಿ ತಾಗುವ ಹಾಗಿತ್ತು. ಬಾಗಿಲು ತೆಗೆದು ಒಳಗೆ ಕೂತರೆ ಮಾತ್ರ ಕಥೆಯೇ ಬೇರೆ. ಮುಂದಿನ ಬಲಗಡೆ ಗ್ಲಾಸ್ ಹ್ಯಾಂಡಲ್ ತಿರುಗಿಸಿದರೆ ಅದು ಗಿರಗಿರ ಸುತ್ತುತ್ತಿತ್ತು, ಗ್ಲಾಸ್ ಅಲ್ಲಾಡುತ್ತಿರಲಿಲ್ಲ. ಹಿಂದಿನ ಒಂದು ಬಾಗಿಲಿಗೆ ಯಾವುದೋ ಬೇರೆ ಕಾರಿನ ಹ್ಯಾಂಡಲ್ ಹಾಕಿ, ಪಿನ್ನಿನ ಬದಲು ಮೊಳೆ ಬಡಿದಿದ್ದರು. ಡೋರ್ ಪ್ಯಾಡುಗಳು ಕೆಳಗಡೆ ಉಬ್ಬಿ ಬಾಯಿ ಬಿಟ್ಟಿದ್ದವು. ಸ್ಟಿಯರಿಂಗ್ ವೀಲ್ ಅಲ್ಲಲ್ಲಿ ಬಿರುಕು. ಮೀಟರ್ ಮೇಲಿನ ಪಾರದರ್ಶಕ ಹಾಳೆ ಮಂಜು ಮುಸುಕಿದಂತೆ. ಡ್ಯಾಶ್‌ಬೋರ್ಡಿನ ಒಂದು ಗುಂಡಿ ಇಲ್ಲ. ಅಲ್ಲಿ ಟ್ರಾನ್ಸಿಸ್ಟರ್ ರೇಡಿಯೋದ ಗುಂಡಿ ಸಿಕ್ಕಿಸಿದ್ದರು. ಗೇರ್ ಲಿವರಿನ ತುದಿಗೆ ಮಿನುಗುವ ಗಾಜಿನ ಗುಂಡು. ಕ್ವಾರ್ಟರ್ ಗ್ಲಾಸ್, ಅಂದರೆ ಕಿಟಕಿಯ ಮೂಲೆಯ ಸಣ್ಣ ತ್ರಿಕೋನ ಗಾಜು, ಅದರ ಒಂದು ಲಾಕ್ ಮುರಿದಿತ್ತು. ಸಡಿಲವಾಗಿದ್ದ ಉಳಿದ ಸಾಮಾನೆಲ್ಲ ಒಂದು ಬಿಗ್ ಶಾಪರ್ ಚೀಲದಲ್ಲಿ ಬಂತು.

ಕಾರಿನ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಕಾರು ಅವರ ತಂದೆ ಕೊಂಡದ್ದು. ಫಿಯಟ್ ಬೇಕು ಅಂದರೆ ಆಗ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಮನೆಯವರಿಗೆಲ್ಲ ಅದರ ಮೇಲೆ ಮಮತೆ ಜಾಸ್ತಿ. ಅವರು ಮೊದಲು ಹೇಳಿದ್ದು ಇಷ್ಟೇ: "ಹಳೇದೆಲ್ಲ ತೆಗೆದು ಹೊಸದು ಹಾಕ್ಬಿಡಿ. ಜೆ.ಸಿ. ರೋಡಲ್ಲಿ ಸಿಗುತ್ತಲ್ವಾ?"

ಪ್ರಶ್ನೆ ಸರಿಯಾದದ್ದೇ, ಜೆ.ಸಿ. ರೋಡ್ ಬೆಂಗಳೂರಿನಲ್ಲಿ ವಾಹನಗಳ ಬಿಡಿಭಾಗ ಮಾರುವ ಬೀದಿ. ಉತ್ತರ ಮಾತ್ರ ಅರ್ಧ ಹೌದು, ಅರ್ಧ ಅಲ್ಲ. ಈ ಕಾರು ಮುಂಬೈಯ ಕುರ್ಲಾದಲ್ಲಿ ತಯಾರಾದದ್ದು. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಬಂತು, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ. ಹೆಚ್ಚುಕಡಿಮೆ 2000ನೇ ಇಸವಿಯವರೆಗೂ ತಯಾರಾಗುತ್ತಲೇ ಇತ್ತು. ಬಾಡಿ ಅದೇ, 1089 ಸಿಸಿ ಎಂಜಿನ್ನೂ ಬಹುಪಾಲು ಅದೇ. ಮುಂಬೈಯಲ್ಲಿ ಪದ್ಮಿನಿಯ ಕಪ್ಪು-ಹಳದಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ವರೆಗೂ ಓಡಿದವು. ಹೀಗಾಗಿ ಎಂಜಿನ್, ಬ್ರೇಕ್, ಸಸ್ಪೆನ್ಷನ್ ಸಾಮಾನು ಇವತ್ತಿಗೂ ಹುಡುಕಿದರೆ ಸಿಗುತ್ತದೆ. ಒಳಗಿನ ಸಾಮಾನಿನ ವಿಷಯ ಹಾಗಲ್ಲ. ಹ್ಯಾಂಡಲ್, ಗುಂಡಿ, ಮೀಟರ್, ರೆಕ್ಸಿನ್ ಬಣ್ಣ ಕಾಲಕಾಲಕ್ಕೆ ಬದಲಾಗಿವೆ. ಅಂಗಡಿಯವರು "ಪದ್ಮಿನಿದೇ ಸಾರ್" ಅಂತ ಕೊಡುವ ಹ್ಯಾಂಡಲ್ 90ರ ದಶಕದ ಪ್ಲಾಸ್ಟಿಕ್ ಹ್ಯಾಂಡಲ್ ಆಗಿರಬಹುದು. ಅದು ಕೂರುತ್ತದೆ, ತಿರುಗುತ್ತದೆ, ಆದರೆ ಈ ಕಾರಿನದ್ದಲ್ಲ.

ಇನ್ನೊಂದು ಮಾತೂ ಇದೆ. ಕಾರಿನಲ್ಲಿ ಕೂತವರು ಎಂಜಿನ್ ಮುಟ್ಟುವುದಿಲ್ಲ. ಮುಟ್ಟುವುದು ಹ್ಯಾಂಡಲನ್ನು, ಸ್ಟಿಯರಿಂಗನ್ನು, ಗೇರ್ ಗುಂಡಿಯನ್ನು. ಐವತ್ತು ವರ್ಷದಿಂದ ಒಂದು ಮನೆಯವರ ಕೈ ಬಿದ್ದ ಜಾಗ ಅವು. ಅವನ್ನು ಗುಜರಿಗೆ ಹಾಕಿ ಬೇರೆ ತಂದರೆ ಕಾರು ಉಳಿಯುತ್ತದೆ, ಆ ಮನೆಯ ಕಾರು ಉಳಿಯುವುದಿಲ್ಲ. ನಾನು ಇದನ್ನು ಯಜಮಾನರಿಗೆ ನೇರವಾಗಿಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆಗೋದನ್ನ ಉಳಿಸಿ. ಆಗದೇ ಇರೋದನ್ನ ಮಾತ್ರ ಬದಲಿಸಿ" ಅಂದರು. ಅಲ್ಲಿಂದ ಕೆಲಸ ಶುರುವಾಯಿತು.

ಮೊದಲು ಅದು ಯಾವ ಸಾಮಗ್ರಿ ಅಂತ ತಿಳಿಯಬೇಕು

ಹಳೆ ಕಾರಿನ ಒಳಸಾಮಾನು ವಯಸ್ಸಿನಿಂದ ಹಾಳಾಗುವುದಕ್ಕಿಂತ ತಪ್ಪು ಚಿಕಿತ್ಸೆಯಿಂದ ಹಾಳಾಗುವುದು ಜಾಸ್ತಿ. ಕೈಗೆ ಸಿಕ್ಕ ಥಿನ್ನರ್ ಹಚ್ಚಿ ಒರೆಸುತ್ತಾರೆ, ಪ್ಲಾಸ್ಟಿಕ್ ಕರಗುತ್ತದೆ. ಆಸಿಡ್‌ನಲ್ಲಿ ಮುಳುಗಿಸುತ್ತಾರೆ, ಲೋಹವೇ ತಿಂದುಹೋಗುತ್ತದೆ. ಹಾಗಾಗಿ ಒಂದು ಸಾಮಾನು ಕೈಗೆ ಬಂದಾಗ ಅದನ್ನು ಹೇಗೆ ಹೊಳೆಸುವುದು ಅನ್ನುವ ಯೋಚನೆ ಆಮೇಲೆ. ಅದು ಯಾವುದರಿಂದ ಆಗಿದೆ, ಯಾಕೆ ಕೆಟ್ಟಿತು, ಇವೆರಡು ಮೊದಲು.

ಪತ್ತೆ ಮಾಡುವುದು ಕಷ್ಟವಲ್ಲ. ಒಂದು ಅಯಸ್ಕಾಂತ ಸಾಕು. ಕ್ರೋಮ್ ಹಾಕಿದ ಹ್ಯಾಂಡಲಿಗೆ ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ. ಅಂಟದೆ, ಕೈಯಲ್ಲಿ ಹಿಡಿದಾಗ ಚೆನ್ನಾಗಿ ಭಾರ ಇದ್ದು, ಗುಳ್ಳೆಯಿಂದ ಬಿಳಿ ಪುಡಿ ಬರುತ್ತಿದ್ದರೆ ಅದು ಮಜಾಕ್, ಅಂದರೆ ಸತುವಿನ ಮಿಶ್ರಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದದ್ದು. ತೀರಾ ಹಗುರ ಇದ್ದರೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್. ಕಪ್ಪು ಗುಂಡಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಬೆರಳಿನಿಂದ ಗಟ್ಟಿಯಾಗಿ ಉಜ್ಜಿ ಮೂಸಿ ನೋಡಬೇಕು. ಆಸ್ಪತ್ರೆಯ ಕಾರ್ಬಾಲಿಕ್ ವಾಸನೆ ಬಂದರೆ ಬೇಕಲೈಟ್, ಅಂದರೆ ಹಳೆ ಕಾಲದ ಒಂದು ಗಟ್ಟಿ ಪ್ಲಾಸ್ಟಿಕ್. ಅದು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಹಾಗಾಗಿ ಬಿಸಿ ಮಾಡಿ ಅಂಟಿಸುವ ಯೋಚನೆಯನ್ನೇ ಬಿಡಬೇಕು. ಕೆಲವರು ಕಾಯಿಸಿದ ಸೂಜಿ ಚುಚ್ಚಿ ನೋಡುತ್ತಾರೆ. ಸಾಮಾನು ಇನ್ನೂ ಹಳೆಯ ಕಾಲದ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ ಅಂತ ಹೊತ್ತಿಕೊಳ್ಳುತ್ತದೆ. ನಾನಂತೂ ಸೂಜಿ ಪರೀಕ್ಷೆ ಮಾಡುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ.

ಬಿಚ್ಚುವಾಗಲೇ ಪ್ರತಿ ಸಾಮಾನಿಗೂ ಚೀಟಿ ಕಟ್ಟಿದೆ: ಯಾವ ಬಾಗಿಲು, ಯಾವ ಬದಿ, ಯಾವ ಸ್ಕ್ರೂ. ಫೋನಿನಲ್ಲಿ ಫೋಟೋ ಇದ್ದರೂ ಚೀಟಿ ಬೇಕು. ಎಡ ಮತ್ತು ಬಲದ ಹ್ಯಾಂಡಲ್ ನೋಡುವುದಕ್ಕೆ ಒಂದೇ ಥರ ಇದ್ದರೂ ಐವತ್ತು ವರ್ಷದಲ್ಲಿ ಒಂದೊಂದೂ ತನ್ನ ಜಾಗಕ್ಕೆ ತಕ್ಕಂತೆ ಸವೆದಿರುತ್ತದೆ.

ಬಾಗಿಲು

ಬಾಗಿಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಕಾರಿನ ಮುಕ್ಕಾಲು ತೊಂದರೆ ಅಲ್ಲೇ ಇತ್ತು.

ಡೋರ್ ಪ್ಯಾಡ್ ಅಂದರೆ ತೆಳು ಹಾರ್ಡ್‌ಬೋರ್ಡಿನ ಮೇಲೆ ರೆಕ್ಸಿನ್ ಅಂಟಿಸಿದ ಹಲಗೆ. ನಾಲ್ಕೂ ಪ್ಯಾಡ್ ಕೆಳಗಡೆಯಿಂದ ಅಂಗೈ ಎತ್ತರದವರೆಗೆ ಉಬ್ಬಿದ್ದವು. ಮೇಲಿನ ಭಾಗ ಗಟ್ಟಿಮುಟ್ಟಾಗಿತ್ತು. ಕಾರಿನೊಳಗೆ ಮಳೆ ಬಿದ್ದು ಹಾಳಾಗಿದ್ದರೆ ರೆಕ್ಸಿನ್ ಮೇಲೆ ಕಲೆ ಇರಬೇಕಿತ್ತು, ಇರಲಿಲ್ಲ. ಪ್ಯಾಡ್ ತೆಗೆದು ಹಿಂಬದಿ ನೋಡಿದರೆ ನೀರಿನ ಗೆರೆ ಒಳಗಿನಿಂದ ಮೇಲಕ್ಕೆ ಏರಿತ್ತು. ಯಾಕೆ ಅಂದರೆ, ಯಾವ ಕಾರಿನ ಬಾಗಿಲಾದರೂ ಗ್ಲಾಸ್ ಮೇಲೆ ಬಿದ್ದ ಮಳೆನೀರಿನಲ್ಲಿ ಸ್ವಲ್ಪ ಬೀಡಿಂಗ್ ದಾಟಿ ಬಾಗಿಲ ಹೊಟ್ಟೆಯೊಳಗೆ ಇಳಿಯುತ್ತದೆ. ಅದು ತಪ್ಪಲ್ಲ, ಕಾರು ಮಾಡಿದವರಿಗೆ ಗೊತ್ತಿರುವ ವಿಷಯವೇ. ಅದಕ್ಕೇ ಬಾಗಿಲಿನ ತಳದಲ್ಲಿ ನೀರು ಹೋಗುವ ತೂತು ಬಿಟ್ಟಿರುತ್ತಾರೆ. ಪ್ಯಾಡಿಗೂ ಬಾಗಿಲ ತಗಡಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಈ ಕಾರಿನಲ್ಲಿ ಹಾಳೆ ಯಾವತ್ತೋ ಹರಿದು ಹೋಗಿತ್ತು. ಇತ್ತೀಚೆಗೆ ಪೇಂಟ್ ಮಾಡಿದವರು ತಳದ ತೂತುಗಳ ಮೇಲೂ ಪುಟ್ಟಿ ಎಳೆದು ಬಣ್ಣ ಹೊಡೆದಿದ್ದರು. ಸಕಲೇಶಪುರದ ಕಡೆಯ ಮಳೆಗೆ ಓಡಾಡುವ ಕಾರು ಇದು. ಬಾಗಿಲೊಳಗೆ ನೀರು ನಿಂತು, ಹಾರ್ಡ್‌ಬೋರ್ಡ್ ಅದನ್ನು ಬತ್ತಿಯ ಹಾಗೆ ಹೀರಿಕೊಂಡಿತ್ತು.

ಇದನ್ನು ಗಮನಿಸದೆ ಹೊಸ ಪ್ಯಾಡ್ ಮಾಡಿಸಿದ್ದರೆ ಮುಂದಿನ ಮಳೆಗಾಲಕ್ಕೆ ಅದೂ ಹೋಗುತ್ತಿತ್ತು. ಪ್ಯಾಡಿನ ಕತೆ ಬಿಡಿ, ಹೊಸ ಪೇಂಟ್ ಹೊಡೆದ ಬಾಗಿಲೇ ಒಳಗಿನಿಂದ ತುಕ್ಕು ಹಿಡಿಯುತ್ತಿತ್ತು. ಮೊದಲು ತೂತುಗಳನ್ನು ಬಿಡಿಸಿ, ಅಂಚಿಗೆ ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಬಾಗಿಲೊಳಗೆ ಒಂದು ಚೊಂಬು ನೀರು ಸುರಿದು ನೋಡಿದೆವು. ಸರಾಗವಾಗಿ ಕೆಳಗೆ ಹರಿದ ಮೇಲೆಯೇ ಪ್ಯಾಡಿನ ಕೆಲಸಕ್ಕೆ ಕೈ ಹಾಕಿದ್ದು.

ಹೊಸ ಹಲಗೆ 3 ಮಿ.ಮೀ. ಹಾರ್ಡ್‌ಬೋರ್ಡಿನದು. ಹಳೆಯದನ್ನೇ ಮೇಲಿಟ್ಟು ಗೆರೆ ಎಳೆದು, ಕ್ಲಿಪ್ಪಿನ ತೂತುಗಳನ್ನು ಅದರಿಂದಲೇ ಗುರುತು ಮಾಡಿದ್ದು. ಕತ್ತರಿಸಿದ ಮೇಲೆ ಎರಡೂ ಮೈಗೆ ವಾರ್ನಿಷ್. ಅಂಚಿಗೆ ಮತ್ತು ಕ್ಲಿಪ್ಪಿನ ತೂತುಗಳ ಒಳಗೋಡೆಗೆ ಇನ್ನೂ ಎರಡು ಕೈ ಜಾಸ್ತಿ. ನೀರು ಹತ್ತುವುದು ಅಂಚಿನಿಂದಲೇ. ಹಿಂದೆ ದಪ್ಪ ಪಾಲಿಥಿನ್ ಹಾಳೆ. ಅದರ ಕೆಳ ಅಂಚನ್ನು ಬಾಗಿಲಿನ ಸೀಳಿನೊಳಕ್ಕೆ ತೂರಿಸಬೇಕು. ಆಗ ಹಾಳೆಯ ಮೇಲೆ ಇಳಿದ ನೀರು ಮತ್ತೆ ಬಾಗಿಲೊಳಗೇ ಬೀಳುತ್ತದೆ. ಸುಮ್ನೆ ಹೊರಗಡೆಯಿಂದ ಅಂಟಿಸಿ ಬಿಟ್ಟರೆ ನೀರು ಪ್ಯಾಡಿನ ಬುಡಕ್ಕೇ ಬರುತ್ತದೆ. ಹಾಳೆ ಹಾಕಿಯೂ ಹಾಕದ ಹಾಗೆ.

ರೆಕ್ಸಿನ್ ಬದಲಿಸಲಿಲ್ಲ. ಹಳೆಯ ರೆಕ್ಸಿನ್ ಮೇಲಿನ ಗೆರೆಗಳು ಬಿಸಿ ಅಚ್ಚಿನಿಂದ ಒತ್ತಿದವು. ಹೊಸ ರೆಕ್ಸಿನ್ ತಂದು ಹೊಲಿಗೆ ಹಾಕಿದರೆ ಆ ಗೆರೆ ಬರುವುದಿಲ್ಲ. ಕುಷನ್ ಕೆಲಸದ ಭಾಯ್ ಹೇರ್ ಡ್ರೈಯರ್ ಹಿಡಿದು ಹಳೆ ಗಮ್ಮನ್ನು ಮೆತ್ತಗೆ ಮಾಡಿ, ಒಂದು ಮೂಲೆಯಿಂದ ಎಷ್ಟು ತಾಳ್ಮೆಯಿಂದ ಬಿಡಿಸಿದರು ಅಂದರೆ ಎಲ್ಲೂ ಒಂದು ಎಳೆ ಹರಿಯಲಿಲ್ಲ. "ಎಳೀಬಾರದು ಸಾರ್, ಅದೇ ಬರಬೇಕು" ಅನ್ನುತ್ತಿದ್ದರು. ಆಮೇಲೆ ಪಾತ್ರೆ ತೊಳೆಯುವ ಸೋಪು, ಉಗುರು ಬೆಚ್ಚಗಿನ ನೀರು, ಮೃದುವಾದ ಬ್ರಷ್. ಅಷ್ಟೇ. ಥಿನ್ನರ್ ಇಲ್ಲ, ಪೆಟ್ರೋಲ್ ಇಲ್ಲ, ಹೊಳಪಿಗೆ ಸಿಗುವ ಸಿಲಿಕೋನ್ ಪಾಲಿಶ್ ಕೂಡ ಇಲ್ಲ.

ಹ್ಯಾಂಡಲಿನ ಹಿಂದಿನ ದುಂಡು ಬಿಲ್ಲೆ ತೆಗೆದಾಗ ಒಂದು ಸಂಗತಿ ಕಂಡಿತು. ರೆಕ್ಸಿನ್ ಎಲ್ಲ ಕಡೆ ಮಣ್ಣು ಮಿಶ್ರಿತ ಬೂದು ಬಣ್ಣ. ಬಿಲ್ಲೆಯಡಿ ಮಾತ್ರ, ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ವೃತ್ತ, ತಿಳಿ ಹಸಿರು. ಬಿಸಿಲು, ಕೈಬೆವರು, ಧೂಳು ಯಾವುದೂ ತಾಗದ ಜಾಗ ಅದು. ಯಜಮಾನರು ನಂಬಲಿಲ್ಲ. ಕಾರಿನ ಒಳಗು ಮೊದಲಿನಿಂದಲೂ ಬೂದಿಯೇ ಅಂದರು. ಫೋಟೋವನ್ನು ಅವರ ತಾಯಿಗೆ ತೋರಿಸಿದಾಗ ಆ ಅಮ್ಮ ತಕ್ಷಣ, "ಹೂಂ, ಬಾಳೆ ಸುಳಿ ಬಣ್ಣ. ನಿಮ್ಮಪ್ಪ ಆರಿಸಿದ್ದು" ಅಂದರು. ತೊಳೆದ ಮೇಲೆ ಅರ್ಧದಷ್ಟು ಹಸಿರು ವಾಪಸ್ ಬಂತು. ಉಳಿದದ್ದಕ್ಕೆ ಬಣ್ಣ ಹೊಡೆಯಬಹುದಿತ್ತು, ರೆಕ್ಸಿನ್‌ಗೆಂದೇ ಬಣ್ಣ ಸಿಗುತ್ತದೆ. ಬೇಡ ಅಂತ ನಾನೇ ಹೇಳಿದೆ. ಬಣ್ಣ ಹೊಡೆದರೆ ಮೇಲ್ಮೈಯ ಸಣ್ಣ ಕಣ ಮುಚ್ಚುತ್ತದೆ, ಮೊಣಕೈ ಒರಗುವ ಕಡೆ ಬೇಗ ಸಿಪ್ಪೆ ಏಳುತ್ತದೆ.

ಹ್ಯಾಂಡಲ್ ಮತ್ತು ಕ್ರೋಮ್

ಗಿರಗಿರ ಸುತ್ತುತ್ತಿದ್ದ ಗ್ಲಾಸ್ ಹ್ಯಾಂಡಲಿನ ಒಳಗಿನ ಹಲ್ಲು ಪೂರಾ ಸವೆದಿತ್ತು. ಹ್ಯಾಂಡಲ್ ಮಜಾಕ್, ಅದು ಕೂರುವ ಶಾಫ್ಟ್ ಉಕ್ಕು. ಮೆತ್ತನೆಯದೇ ಸೋಲುವುದು. ಆದರೆ ಅದು ಯಾಕೆ ಸವೆಯಿತು? ಗ್ಲಾಸ್ ಓಡುವ ಚಾನಲ್ ಒಣಗಿ ಕಲ್ಲಾಗಿತ್ತು, ಗ್ಲಾಸ್ ಏರಿಸಿ ಇಳಿಸುವ ಮಷಿನ್‌ನ ಗ್ರೀಸ್ ಮೇಣದಂತಾಗಿತ್ತು. ಬಿಗಿ ಗ್ಲಾಸನ್ನು ಬಲ ಹಾಕಿ ತಿರುಗಿಸಿ ತಿರುಗಿಸಿ ಹಲ್ಲು ಹೋಗಿದೆ. ಹಾಗಾಗಿ ಮೊದಲು ಮಷಿನ್ ತೊಳೆದು ಹೊಸ ಗ್ರೀಸ್ ಹಾಕಿ, ಚಾನಲ್ ಬದಲಿಸಿ, ಗ್ಲಾಸ್ ಒಂದು ಬೆರಳಿಗೆ ಇಳಿಯುವ ಹಾಗೆ ಮಾಡಿದ್ದು. ಹ್ಯಾಂಡಲ್ ರಿಪೇರಿ ಆಮೇಲೆ. ಶಿವಾಜಿನಗರದ ಗುಜರಿಯಲ್ಲಿ ಅದೇ ನಮೂನೆಯ ಒಂದು ಒಳ್ಳೆಯ ಹ್ಯಾಂಡಲ್ ಸಿಕ್ಕಿತು, ಜೊತೆಗೆ ತೋಳು ಮುರಿದದ್ದು ಇನ್ನೊಂದು. ಒಳ್ಳೆಯದು ಮೊಳೆ ಬಡಿದಿದ್ದ ಬಾಗಿಲಿಗೆ ಹೋಯಿತು. ಮುರಿದದ್ದರ ಹಲ್ಲಿರುವ ಭಾಗವನ್ನು ಲೇತ್ ಅಂಗಡಿಯಲ್ಲಿ ಹೊರಗಿನಿಂದ ದುಂಡಗೆ ತಿರುಗಿಸಿ, ನಮ್ಮ ಹ್ಯಾಂಡಲಿನ ತೂತನ್ನು ಅಷ್ಟೇ ಅಗಲ ಮಾಡಿ, ಬುಷ್ ಕೂರಿಸಿದ ಹಾಗೆ ಕೂರಿಸಿದರು. ಅಡ್ಡಕ್ಕೆ ಒಂದು ಸಣ್ಣ ಉಕ್ಕಿನ ಪಿನ್, ಸುತ್ತ ನಿಧಾನವಾಗಿ ಗಟ್ಟಿಯಾಗುವ ಆರಾಲ್ಡೈಟ್. ಬೆಸುಗೆ ಹಾಕಲು ಹೋಗಬಾರದು. ಮಜಾಕ್ 400 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗುತ್ತದೆ. ಗ್ಯಾಸ್ ಜ್ವಾಲೆ ಹಿಡಿದರೆ ಕಣ್ಣೆದುರಿಗೇ ಕುಸಿದು ಬೀಳುತ್ತದೆ.

ಇನ್ನು ಕ್ರೋಮ್. ಬಾಗಿಲು ತೆಗೆಯುವ ಒಳ ಹ್ಯಾಂಡಲುಗಳಲ್ಲಿ ಎರಡು ಪೂರ್ತಿ ಗುಳ್ಳೆ ಎದ್ದಿದ್ದವು, ಎರಡು ಪರವಾಗಿಲ್ಲ ಅನ್ನುವಂತಿದ್ದವು. ಗುಳ್ಳೆ ಏಳುವುದಕ್ಕೂ ಕಾರಣ ಇದೆ. ಲೇಪನದಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಅಲ್ಲಿಂದ ತೇವ ಒಳಗೆ ಹೋಗಿ ಸತುವನ್ನು ತಿನ್ನುತ್ತದೆ. ಆಗ ಹುಟ್ಟುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಅದು ಮೇಲಿನ ಲೇಪನವನ್ನೇ ಎತ್ತುತ್ತದೆ. ಸೂಜಿಯ ಮೊನೆಯಿಂದ ಒಂದು ಗುಳ್ಳೆ ಒಡೆದು ನೋಡಿದರೆ ಮೇಲೆ ಸಾಸಿವೆ ಗಾತ್ರ, ಕೆಳಗೆ ಗುಳಿ ಅದರ ಎರಡರಷ್ಟು ಅಗಲ. ಮೇಲಿನಿಂದ ಎಷ್ಟು ಉಜ್ಜಿದರೂ ಇದು ಹೋಗುವುದಿಲ್ಲ, ಯಾಕೆಂದರೆ ರೋಗ ಇರುವುದು ಒಳಗೆ.

ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವವರು ಬೇಕಾದಷ್ಟು ಇದ್ದಾರೆ. ದೊಡ್ಡ ಆರ್ಡರಿನ ನಡುವೆ ಎರಡು ಹ್ಯಾಂಡಲಿಗೆ ಒಪ್ಪುವವರು ಕಡಿಮೆ. ಒಪ್ಪಿದವರಿಗೆ ಮೊದಲು ಹೇಳಬೇಕಾದ ಮಾತು, "ಅಣ್ಣ, ಇದು ಕಬ್ಬಿಣ ಅಲ್ಲ, ಮಜಾಕ್." ಕಬ್ಬಿಣದ ಸಾಮಾನಿನ ಹಾಗೆ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿದರೆ ಗುಳಿಗಳಿಂದ ನೊರೆ ಎದ್ದು ಸತು ಕರಗುತ್ತದೆ. ಹಳೆ ಲೇಪನ ತೆಗೆದ ಮೇಲೆ ಒಂದೊಂದು ಗುಳಿಯನ್ನೂ ಸಣ್ಣ ಡ್ರಿಲ್ ಬಿಟ್‌ನಿಂದ ಬಿಳಿ ಪುಡಿ ಪೂರ್ತಿ ಹೋಗುವವರೆಗೆ ಕೆರೆಯಬೇಕು. ಆಮೇಲೆ ಸಯನೈಡ್ ದ್ರಾವಣದಲ್ಲಿ ತಾಮ್ರದ ತೆಳು ಪದರ. ಆಸಿಡ್ ತಾಮ್ರವನ್ನು ನೇರವಾಗಿ ಸತುವಿನ ಮೇಲೆ ಹಾಕುವ ಹಾಗಿಲ್ಲ, ಅದೂ ಸತುವನ್ನು ತಿನ್ನುತ್ತದೆ. ತಾಮ್ರ ಕೂತ ಮೇಲೆ ಗುಳಿಗಳಿಗೆ ಸೀಸದ ಬೆಸುಗೆ ತುಂಬಿಸಿ, ಅರದಿಂದ ಸಮ ಮಾಡಿ, ಮತ್ತೆ ದಪ್ಪ ತಾಮ್ರ, ಮತ್ತೆ ಉಜ್ಜುವುದು. ಕೊನೆಗೆ ನಿಕಲ್, ಅದರ ಮೇಲೆ ಕ್ರೋಮ್. ಎಲ್ಲರೂ ಕ್ರೋಮ್ ಕ್ರೋಮ್ ಅನ್ನುತ್ತಾರೆ, ಆದರೆ ಆ ಪದರ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ಹೊಳಪು, ರಕ್ಷಣೆ ಎರಡೂ ಬಹುಪಾಲು ಅದರಡಿಯ ನಿಕಲ್‌ನದು. ದುಡ್ಡು ಉಳಿಸಲು ನಿಕಲ್ ತೆಳು ಮಾಡಿದರೆ ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಗುಳ್ಳೆ.

ಬಫಿಂಗ್ ಮಾಡುವವರ ಪಕ್ಕ ನಿಂತು ಮಾಡಿಸಿದ್ದು ಸಾರ್ಥಕ ಆಯಿತು. ಹ್ಯಾಂಡಲಿನ ಬೆನ್ನಿನ ಮೇಲೆ ಒಂದು ಚೂಪು ಏಣು ಇದೆ. ಬಫಿಂಗ್ ಚಕ್ರಕ್ಕೆ ಎರಡು ಸಲ ಜಾಸ್ತಿ ಒತ್ತಿದರೆ ಆ ಏಣು ಮಾಯ, ಹ್ಯಾಂಡಲ್ ಸೋಪಿನ ತುಂಡಿನ ಹಾಗೆ ಆಗಿಬಿಡುತ್ತದೆ. ಈ ಪ್ಲೇಟಿಂಗನ್ನು ಮನೆಯಲ್ಲಿ ಮಾಡುವ ಕಿಟ್ ಸಿಗುತ್ತದೆ ಅಂತ ಕೆಲವರು ಕೇಳುತ್ತಾರೆ. ಹಳೆ ಪದ್ಧತಿಯ ಕ್ರೋಮ್ ದ್ರಾವಣ ಕ್ಯಾನ್ಸರ್ ತರುವಂಥದ್ದು, ಸಯನೈಡ್ ಬಗ್ಗೆ ಹೇಳುವುದೇ ಬೇಡ. ದಯವಿಟ್ಟು ಮಾಡಬೇಡಿ.

ಪರವಾಗಿಲ್ಲ ಅನ್ನುವಂತಿದ್ದ ಎರಡನ್ನು ಪ್ಲೇಟಿಂಗ್‌ಗೆ ಕೊಡಲಿಲ್ಲ. ಸೋಪಿನ ನೀರು, ಹಲ್ಲುಕಡ್ಡಿ, ಮೇಲೆ ಸ್ವಲ್ಪ ವ್ಯಾಕ್ಸ್. ಹೊಸದಾಗಿ ಹೊಳೆಯುವ ಜೋಡಿ ಮುಂದಿನ ಬಾಗಿಲಿಗೆ, ಹಳೆ ಜೋಡಿ ಹಿಂದಿನ ಬಾಗಿಲಿಗೆ ಹಾಕಿದ್ದರಿಂದ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ. ಕ್ವಾರ್ಟರ್ ಗ್ಲಾಸಿನ ಮುರಿದ ಲಾಕಿಗೂ ಪಿನ್ ಮತ್ತು ಆರಾಲ್ಡೈಟ್ ಉಪಾಯವೇ ಸಾಕಾಯಿತು.

ಸ್ಟಿಯರಿಂಗ್, ಮೀಟರ್, ಗುಂಡಿ

ಸ್ಟಿಯರಿಂಗ್ ವೀಲ್ ಅಂದರೆ ಉಕ್ಕಿನ ಬಳೆಯ ಮೇಲೆ ಹೊಯ್ದ ಪ್ಲಾಸ್ಟಿಕ್. ಬಿಸಿಲಿಗೆ ಪ್ಲಾಸ್ಟಿಕ್ ಉಕ್ಕಿಗಿಂತ ಎಷ್ಟೋ ಪಟ್ಟು ಹಿಗ್ಗುತ್ತದೆ, ರಾತ್ರಿ ಅಷ್ಟೇ ಕುಗ್ಗುತ್ತದೆ. ವರ್ಷಗಳು ಕಳೆದಂತೆ ಬಿರುಕು ಬಿಡಲೇಬೇಕು. ಮೊದಲು ನೋಡಬೇಕಾದ್ದು ಒಳಗಿನ ಉಕ್ಕನ್ನು. ಬಳೆ ತುಕ್ಕಿನಿಂದ ಸಣ್ಣಗಾಗಿದ್ದರೆ, ಅಥವಾ ಕಡ್ಡಿಗಳು ನಡುವಿನ ಗುಂಬದಲ್ಲಿ ಅಲ್ಲಾಡುತ್ತಿದ್ದರೆ ಆ ವೀಲನ್ನು ಗೋಡೆಗೆ ತೂಗುಹಾಕಿ, ರಸ್ತೆಗೆ ಬೇಡ. ಇದರಲ್ಲಿ ಉಕ್ಕು ಗಟ್ಟಿಯಾಗಿತ್ತು. ಬಿರುಕನ್ನು ಮುಚ್ಚುವ ಮೊದಲು ಅದನ್ನು ದೊಡ್ಡದು ಮಾಡಬೇಕು. ತ್ರಿಕೋನದ ಅರದಿಂದ ಎರಡೂ ಬದಿ ಇಳಿಜಾರಾಗಿ ಕೆರೆದು, ಉಕ್ಕು ಕಾಣುವವರೆಗೆ ಹೋಗಿ, ಅಲ್ಲಿನ ತುಕ್ಕು ತೆಗೆದು, ಆರಾಲ್ಡೈಟ್ ತುಂಬಿಸುವುದು. ಐದು ನಿಮಿಷದಲ್ಲಿ ಗಟ್ಟಿಯಾಗುವುದು ಬೇಡ, ಅದು ಬಿಸಿಗೆ ಬೇಗ ಮೆತ್ತಗಾಗುತ್ತದೆ. ರಾತ್ರಿಯಿಡೀ ಬಿಟ್ಟು, ಅರ ಹಾಕಿ, ವಾಟರ್ ಪೇಪರ್ (ನೀರು ಬಿಟ್ಟು ಉಜ್ಜುವ ಸ್ಯಾಂಡ್‌ಪೇಪರ್) ಹಿಡಿದು, ಬೆರಳು ಓಡಿಸಿ ನೋಡಬೇಕು. ಕಣ್ಣಿಗೆ ಕಾಣದ ಏರು ಬೆರಳಿಗೆ ಗೊತ್ತಾಗುತ್ತದೆ. ಬಣ್ಣ ಅರೆ ಹೊಳಪಿನದು. ಯಜಮಾನರಿಗೆ ಕನ್ನಡಿಯಂತೆ ಹೊಳೆಯಬೇಕೆಂಬ ಆಸೆ ಇತ್ತು. ಬಿಸಿಲಿನಲ್ಲಿ ಅದರ ಪ್ರತಿಫಲನ ಕಣ್ಣಿಗೆ ಹೊಡೆಯುತ್ತದೆ ಅಂದ ಮೇಲೆ ಒಪ್ಪಿದರು.

ಮೀಟರ್ ಮುಚ್ಚಿದ್ದ ಹಾಳೆ ಅಕ್ರಿಲಿಕ್. ಹೊರಬದಿಗೆ ಮಾತ್ರ 1500, 2000, 3000 ನಂಬರಿನ ವಾಟರ್ ಪೇಪರ್ ಕ್ರಮವಾಗಿ, ನೀರು ಬಿಡುತ್ತಾ, ಕೊನೆಗೆ ಪಾಲಿಶ್. ಒಳಬದಿ ಮುಟ್ಟಲಿಲ್ಲ. ಸ್ಪಿರಿಟ್, ಥಿನ್ನರ್ ತಾಗಿದರೆ ಅಕ್ರಿಲಿಕ್ ಒಳಗೆ ಜೇಡರ ಬಲೆಯಂಥ ಸೀಳು ಬೀಳುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ.

ಮೀಟರ್ ಮುಳ್ಳಿನ ಕೆಂಪು ಬಣ್ಣ ಮಾಸಿತ್ತು. ಅದಕ್ಕೆ ಹೊಸ ಬಣ್ಣ ಹಚ್ಚಿ ಅಂತ ಕೇಳಿದರು, ಹಚ್ಚಲಿಲ್ಲ. ಸ್ಪೀಡೋಮೀಟರ್ ಕೆಲಸ ಮಾಡುವ ಬಗೆ ತುಂಬ ಸೂಕ್ಷ್ಮ. ಒಟ್ಟೋ ಶುಲ್ಟ್ಸೆ ಅನ್ನುವವರು 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದರ ಪಕ್ಕ ಮುಟ್ಟಿಯೂ ಮುಟ್ಟದಂತೆ ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ವಿದ್ಯುತ್ ಸುಳಿ ಹುಟ್ಟಿಸಿ ಅದನ್ನು ತನ್ನೊಡನೆ ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಮುಳ್ಳು ಇರುವುದು ಆ ಬಟ್ಟಲಿನ ತುದಿಯಲ್ಲಿ. ದಪ್ಪ ಬಣ್ಣ ಬಳಿದರೆ ಅದರ ಸಮತೂಕವೇ ತಪ್ಪಬಹುದು. ಡಬ್ಬಿಯ ಒಳಗೋಡೆ ಮಾತ್ರ ಬಲ್ಬಿನ ಕಾವಿಗೆ ಕಂದಾಗಿತ್ತು. ಅದಕ್ಕೆ ಬಿಳಿ ಬಣ್ಣ ಹಚ್ಚಿದ ಮೇಲೆ ಅದೇ ಹಳೆ ವಾಟಿನ ಬಲ್ಬಿನಲ್ಲಿ ರಾತ್ರಿ ಅಂಕಿಗಳು ಚೆನ್ನಾಗಿ ಕಾಣುತ್ತವೆ. ಜಾಸ್ತಿ ವಾಟಿನ ಬಲ್ಬ್ ಹಾಕಿದರೆ ಶಾಖಕ್ಕೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಇದಕ್ಕಿಂತಲೂ ಹಳೆಯ, ಎರಡನೇ ಮಹಾಯುದ್ಧದ ಆಸುಪಾಸಿನ ಕಾರುಗಳ ಮೀಟರ್ ನಿಮ್ಮ ಕೈಗೆ ಬಂದರೆ ಕತ್ತಲಲ್ಲಿ ಹೊಳೆಯುವ ಅಂಕಿಗಳನ್ನು ಕೆರೆಯಬೇಡಿ. ಅದರಲ್ಲಿ ರೇಡಿಯಂ ಇರಬಹುದು. ಹೊಳಪು ನಿಂತುಹೋಗಿದ್ದರೂ ಆ ಪುಡಿಯ ವಿಕಿರಣ ನಿಂತಿರುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಉಳಿದಿದ್ದ ಬೇಕಲೈಟ್ ಗುಂಡಿಯ ಅಂಚು ಸ್ವಲ್ಪ ಹಾರಿತ್ತು. ಅಲ್ಲಿಗೆ ಮೇಣ ತುಂಬಿ ತಿದ್ದಿ, ಅದರಿಂದಲೇ ಸಿಲಿಕೋನ್ ಅಚ್ಚು ತೆಗೆದು, ಕಪ್ಪು ಬೆರೆಸಿದ ಪಾಲಿಯುರೆಥೇನ್ ರೆಸಿನ್ ಹೊಯ್ದು ಜೊತೆಗುಂಡಿ ಮಾಡಿದ್ದು. ಮರೆ ಇಲ್ಲದೆ ಹೇಳುವುದಾದರೆ ಪಕ್ಕಪಕ್ಕ ಇಟ್ಟರೂ ಯಾವುದು ಹಳೆಯದು ಅಂತ ಗುರುತಿಸುವುದು ಕಷ್ಟ. ಹಾಗಾಗಿ ಹೊಸದರ ಹಿಂಬದಿ ಇಸವಿ ಕೆತ್ತಿದ್ದೇನೆ. ಮುಂದೆ ಯಾರಾದರೂ ಬಿಚ್ಚಿದರೆ ಗೊತ್ತಾಗಲಿ.

ಗೇರ್ ಲಿವರಿನ ಗುಂಡಿಗೆ ಮಾದರಿಯೇ ಇರಲಿಲ್ಲ. ಅದೇ ಕಾಲದ ಇನ್ನೊಂದು ಪದ್ಮಿನಿಯವರು ತಮ್ಮದನ್ನು ಬಿಚ್ಚಿ ವರ್ನಿಯರ್‌ನಿಂದ ಅಳೆಯಲು ಬಿಟ್ಟರು. ಆ ಅಳತೆ ಹಿಡಿದು ಚನ್ನಪಟ್ಟಣಕ್ಕೆ ಹೋದೆ. ಬೊಂಬೆ ಮಾಡುವವರು ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ನೋಡುನೋಡುತ್ತಲೇ ತಿರುಗಿಸಿದರು. ಅಳತೆ ಕೂದಲಷ್ಟೂ ಆಚೀಚೆ ಇಲ್ಲ. ಅವರಿಗೆ ಅದರ ಮೇಲೆ ಅರಗು ಹಾಕಿ ಕೊಡುವ ಆಸೆ. ಅರಗು ಕೂರುವುದೇ ಬಿಸಿಯಿಂದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಕಾವಿಗೆ ಅದು ಕರಗಿ ಮೆತ್ತಿಕೊಳ್ಳುತ್ತದೆ. ಮುಚ್ಚಿದ ಕಾರು ಏಪ್ರಿಲ್ ಬಿಸಿಲಿನಲ್ಲಿ ನಿಂತರೆ ಡ್ಯಾಶ್‌ಬೋರ್ಡ್ ಕೈ ಇಡಲಾರದಷ್ಟು ಕಾಯುತ್ತದೆ. ಅರಗು ಅಂಟಂಟಾಗುತ್ತದೆ. ಹಾಗಾಗಿ ಮರದ ಗುಂಡಿಯನ್ನು ಬರೀ ಮಾದರಿಯಾಗಿ ಬಳಸಿ, ಅಚ್ಚು ತೆಗೆದು ರೆಸಿನ್‌ನಲ್ಲಿ ಹೊಯ್ದೆವು. ಒಳಗೆ ತಿರುಪಿನ ಎಳೆ (ಥ್ರೆಡ್) ಇರುವ ಹಿತ್ತಾಳೆ ಬುಷ್. ತ್ರೀಡಿ ಪ್ರಿಂಟ್ ಯಾಕಲ್ಲ ಅಂತ ಹುಡುಗರು ಕೇಳುತ್ತಾರೆ. ಮಾಡಬಹುದು, ಆದರೆ ಸಾಮಾನ್ಯವಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಮಾದರಿಗೆ ಸರಿ, ಕಾರಿನಲ್ಲಿ ಇಡಲು ಬೇಡ.

ಸನ್ ವೈಸರ್, ರೂಫ್ ಲೈಟ್, ಆಶ್‌ಟ್ರೇ ಇವಕ್ಕೆ ಹೆಚ್ಚೇನೂ ಬೇಕಾಗಲಿಲ್ಲ. ತಿರುಪು ಬಿಗಿ ಮಾಡಿದ್ದು, ಸ್ವಿಚ್ಚಿನ ತಾಮ್ರದ ತುದಿ ಉಜ್ಜಿದ್ದು, ಸಿಕ್ಕಿಕೊಂಡಿದ್ದ ಟ್ರೇ ಬಿಡಿಸಿದ್ದು. ಟ್ರೇಯೊಳಗೆ ಹಳೆಯ ಬಸ್ ಟಿಕೆಟ್ ಮತ್ತು ಎರಡು ಅಡಿಕೆ ಚೂರು ಸಿಕ್ಕಿದವು. ಅವನ್ನು ಯಜಮಾನರು ಜೇಬಿಗೆ ಹಾಕಿಕೊಂಡರು.

ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಕಾರಿಗೆ ಐವತ್ತು ತುಂಬಿದ್ದರಿಂದ ವಿಂಟೇಜ್ ನೋಂದಣಿಯ ಮಾತೂ ಬಂತು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ವಿಎ ಅಕ್ಷರ ಇರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವಂಥ ಕೆಲಸಕ್ಕೆ ಬಿಟ್ಟು ರಸ್ತೆಗಿಳಿಸುವ ಹಾಗಿಲ್ಲ. ಈ ಮನೆಯವರು ಕಾರನ್ನು ಇನ್ನೂ ಓಡಿಸುತ್ತಾರೆ, ಹಾಗಾಗಿ ಬೇಡ ಅಂದರು. ಸರಿಯಾದ ನಿರ್ಧಾರ ಅಂತಲೇ ನನಗನಿಸಿತು. ಆ ನಿಯಮ ನೋಡುವುದು ಶಾಸಿ, ಬಾಡಿ, ಎಂಜಿನ್. ಹ್ಯಾಂಡಲ್ ಗುಂಡಿಗಳ ಬಗ್ಗೆ ಅದರಲ್ಲಿ ಏನೂ ಇಲ್ಲ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಚಾರ್ಟರ್ ಮಾತ್ರ ಇರುವುದನ್ನು ಉಳಿಸಿಕೊಳ್ಳುವುದಕ್ಕೆ ಮೊದಲ ಸ್ಥಾನ ಕೊಡುತ್ತದೆ. ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹ ನೋಡುವಾಗ ಒಮ್ಮೆ ಕಿಟಕಿಯಿಂದ ಒಳಗೂ ಇಣುಕಿ. ಕಾರಿನ ಕಾಲ ಯಾವುದು ಅಂತ ಬಾನೆಟ್‌ಗಿಂತ ಮೊದಲು ಒಳಗಿನ ಗುಂಡಿಗಳೇ ಹೇಳುತ್ತವೆ.

ನಾವು ನಿಲ್ಲಿಸಿದ ಜಾಗ ಇದು: ಕೈಗೆ ಕೆಲಸ ಕೊಡಬೇಕಾದದ್ದು ಕೆಲಸ ಕೊಡುತ್ತದೆ, ನೀರು ಒಳಗೆ ನಿಲ್ಲುವುದಿಲ್ಲ, ಉಳಿದ ಸವೆತ ಹಾಗೇ ಇದೆ. ಹಿಂದಿನ ಎಡ ಬಾಗಿಲಿನ ಆರ್ಮ್‌ರೆಸ್ಟ್ ಒಂದು ಕಡೆ ನುಣ್ಣಗಾಗಿದೆ. ಅದು ಅಮ್ಮ ಕೂರುವ ಜಾಗ. ಅದನ್ನು ತೊಳೆದು ಹಾಗೇ ಕೂರಿಸಿದೆವು.

ಬಾಕಿ ಉಳಿದಿರುವುದು ಕ್ವಾರ್ಟರ್ ಗ್ಲಾಸಿನ ರಬ್ಬರ್. ಸಿಕ್ಕಿದ ಎರಡು ಜೊತೆಯೂ ಮೂಲೆಯಲ್ಲಿ ಸರಿಯಾಗಿ ಕೂರಲಿಲ್ಲ, ಹಳೆಯದನ್ನೇ ಗ್ಲಿಸರಿನ್ ಹಚ್ಚಿ ಮೆದು ಮಾಡಿ ಹಾಕಿದೆ. ಬದಲಿಸಿದ ಹಳೆ ಪ್ಯಾಡಿನ ಹಲಗೆ, ಪರಕೀಯ ಹ್ಯಾಂಡಲ್, ಗಾಜಿನ ಗುಂಡು, ರೇಡಿಯೋ ಗುಂಡಿ ಎಲ್ಲ ಚೀಟಿ ಸಮೇತ ಅದೇ ಬಿಗ್ ಶಾಪರ್‌ನಲ್ಲಿ ವಾಪಸ್ ಕೊಟ್ಟಿದ್ದೇನೆ. ಯಜಮಾನರಿಗೆ ಹೇಳಿರುವ ಕೆಲಸ ಒಂದೇ: ಪ್ರತಿ ವರ್ಷ ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ನಾಲ್ಕೂ ಬಾಗಿಲಿನ ತಳದ ತೂತಿಗೆ ಒಂದು ತೆಳು ಪ್ಲಾಸ್ಟಿಕ್ ಕಡ್ಡಿ ಹಾಕಿ ಮಣ್ಣು ಬಿಡಿಸಬೇಕು. ತಂತಿ ಬೇಡ, ಅಂಚಿನ ಪೇಂಟ್ ಹೋಗುತ್ತದೆ.